ಒಂದು ವಿಚ್ಛೇದನ, ಮೂರು ಕಾಗದ: ಅಮೆರಿಕದ ಗ್ರಾಮೀಣ ಕೌಂಟಿಗಳಲ್ಲಿ ದಾಖಲೆ ಪಡೆಯುವುದು ಏಕಿಷ್ಟು ಗೋಜಲು?

2025ರ ಮೇ 7ರಂದು ಅಮೆರಿಕದೊಳಗಿನ ವಿಮಾನ ಪ್ರಯಾಣಕ್ಕೆ ‘ರಿಯಲ್ ಐಡಿ’ ಎಂಬ, ಕೇಂದ್ರದ ಮಾನದಂಡಕ್ಕೆ ಒಪ್ಪುವ ಗುರುತಿನ ಚೀಟಿಯ ನಿಯಮ ಜಾರಿಗೆ ಬಂತು. ಅದಕ್ಕೂ ಕೆಲವೇ ವಾರ ಮೊದಲು, ಏಪ್ರಿಲ್ 10ರಂದು, ಅಲ್ಲಿನ ಪ್ರತಿನಿಧಿ ಸಭೆಯು ಮತದಾರರ ನೋಂದಣಿಗೆ ಪೌರತ್ವದ ದಾಖಲೆಯನ್ನು ಕಡ್ಡಾಯಗೊಳಿಸುವ ‘ಸೇವ್’ ಮಸೂದೆಯನ್ನು 220–208 ಮತಗಳಿಂದ ಅಂಗೀಕರಿಸಿತು. ಒಂದು ವಿಮಾನ ನಿಲ್ದಾಣದ ಭದ್ರತೆಗೆ ಸೇರಿದ್ದು, ಇನ್ನೊಂದು ಚುನಾವಣೆಗೆ ಸೇರಿದ್ದು. ಆದರೆ ಎರಡರ ಚರ್ಚೆಯಲ್ಲೂ ಹಳೆಯ ವಿಚ್ಛೇದನದ ಕಾಗದಪತ್ರಗಳ ಮಾತು ಮತ್ತೆ ಮತ್ತೆ ಬಂದಿದ್ದರಿಂದ, ವಿಮಾನ ಹತ್ತುವುದಕ್ಕೂ ಮತ ಹಾಕುವುದಕ್ಕೂ ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಕೋರ್ಟ್ ತೀರ್ಪು ಯಾಕೆ ಬೇಕು ಎಂಬ ಗೊಂದಲ ಅನೇಕರಲ್ಲಿ ಉಳಿದುಕೊಂಡಿದೆ. ಆ ತೀರ್ಪು ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ, ಕೊಡುವುದು ಏಕೆ ತಡವಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ವಾಷಿಂಗ್ಟನ್‌ನಲ್ಲಿಲ್ಲ. ಅದು ಇರುವುದು ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳ, ನ್ಯಾಯಾಲಯದ ಕಚೇರಿಗಳಲ್ಲಿ. ಆ ಕೌಂಟಿಗಳಲ್ಲಿ ಬಹುಪಾಲು ಗ್ರಾಮೀಣ ಸ್ವರೂಪದವು.

ಹೆಸರಿನ ಸರಪಳಿ

ರಿಯಲ್ ಐಡಿ ಕಾಯ್ದೆ 2005ರದು. ಈ ಗುರುತಿನ ಚೀಟಿ ಪಡೆಯಲು ಬರುವವರು ಮೂಲ ದಾಖಲೆಯನ್ನು, ಸಾಮಾನ್ಯವಾಗಿ ಜನನ ಪ್ರಮಾಣಪತ್ರವನ್ನೋ ಪಾಸ್‌ಪೋರ್ಟನ್ನೋ, ತೋರಿಸಬೇಕು. ಅದರಲ್ಲಿರುವ ಹೆಸರಿಗೂ ಈಗ ಬಳಸುತ್ತಿರುವ ಹೆಸರಿಗೂ ವ್ಯತ್ಯಾಸವಿದ್ದರೆ, ಹೆಸರು ಬದಲಾದದ್ದು ಹೇಗೆ ಎಂಬುದಕ್ಕೆ ಪುರಾವೆ ಕೊಡಬೇಕು. ಮದುವೆಯಾದಾಗ ಗಂಡನ ಮನೆತನದ ಹೆಸರು ಸೇರಿಸಿಕೊಳ್ಳುವ ಪದ್ಧತಿ ಅಲ್ಲಿ ಇಂದಿಗೂ ವ್ಯಾಪಕವಾಗಿರುವುದರಿಂದ ಈ ಭಾರ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಒಂದೇ ಮದುವೆಯಾಗಿದ್ದರೆ ವಿವಾಹ ಪ್ರಮಾಣಪತ್ರ ಸಾಕಾಗುತ್ತದೆ. ಮೊದಲ ಮದುವೆಯಲ್ಲಿ ಹೆಸರು ಬದಲಾಗಿ, ವಿಚ್ಛೇದನದ ನಂತರ ತವರಿನ ಹೆಸರಿಗೆ ಮರಳಿ, ಎರಡನೆಯ ಮದುವೆಯಲ್ಲಿ ಮತ್ತೆ ಬದಲಾಗಿದ್ದರೆ ಸರಪಳಿಯ ಕೊಂಡಿಗಳು ಹೆಚ್ಚುತ್ತವೆ. ನಡುವಿನ ಕೊಂಡಿಯಾದ ವಿಚ್ಛೇದನದ ತೀರ್ಪು ಕೈಯಲ್ಲಿಲ್ಲದಿದ್ದರೆ ಉಳಿದೆಲ್ಲ ಕಾಗದಗಳಿದ್ದೂ ಅರ್ಜಿ ಮುಂದೆ ಹೋಗದಿರಬಹುದು.

ಈಗಿನ ಹೆಸರಿನಲ್ಲಿಯೇ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇದ್ದವರಿಗೆ ಈ ತೊಂದರೆ ಇಲ್ಲ, ಏಕೆಂದರೆ ಅದೊಂದೇ ಗುರುತಿಗೂ ಪೌರತ್ವಕ್ಕೂ ಸಾಕಾಗುತ್ತದೆ. ಆದರೆ ಆ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆಯುವಾಗಲೂ ಹೆಸರು ಬದಲಾವಣೆಯ ದೃಢೀಕೃತ ದಾಖಲೆ ಕೇಳುತ್ತಾರೆ. ಎಂದೂ ವಿದೇಶಕ್ಕೆ ಹೋಗದ, ಪಾಸ್‌ಪೋರ್ಟ್ ಮಾಡಿಸಿಕೊಳ್ಳುವ ಪ್ರಮೇಯವೇ ಬಾರದ ವಯಸ್ಸಾದ ಗ್ರಾಮೀಣ ಮಹಿಳೆಗೆ ಹಳೆಯ ತೀರ್ಪನ್ನು ಹುಡುಕುವ ಅಗತ್ಯ ಮೊದಲ ಬಾರಿಗೆ ಎದುರಾಗುವುದು ಹೀಗೆ.

ಸೇವ್ ಮಸೂದೆಯ ವಿಚಾರದಲ್ಲಿ ಒಂದು ಸ್ಪಷ್ಟನೆ ಅಗತ್ಯ. ಪ್ರತಿನಿಧಿ ಸಭೆಯ ಅಂಗೀಕಾರ ಮಾತ್ರದಿಂದ ಯಾವ ಮಸೂದೆಯೂ ಕಾನೂನಾಗುವುದಿಲ್ಲ. ಸೆನೆಟ್‌ನ ಒಪ್ಪಿಗೆಯೂ ಬೇಕು. ಅಲ್ಲದೆ, ವಿಚ್ಛೇದನದ ತೀರ್ಪು ತನ್ನಿ ಎಂದು ಮಸೂದೆ ನೇರವಾಗಿ ಹೇಳುವುದಿಲ್ಲ. ದಾಖಲೆಗಳ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಹೆಚ್ಚುವರಿ ಕಾಗದಗಳ ಮೂಲಕ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ರಾಜ್ಯಗಳು ರೂಪಿಸಬೇಕು ಎನ್ನುತ್ತದೆ. ಈ ಅವಕಾಶವೇ ಸಾಕು, ಹೆಸರು ಬದಲಾದವರಿಗೆ ಅನ್ಯಾಯವಾಗುವುದಿಲ್ಲ ಎಂಬುದು ಬೆಂಬಲಿಗರ ವಾದ. ಯಾವ ಕಾಗದ ಸಾಕು ಎಂಬುದನ್ನು ಒಂದೊಂದು ರಾಜ್ಯ ಒಂದೊಂದು ರೀತಿ ತೀರ್ಮಾನಿಸಿದರೆ, ಮದುವೆಯ ಇತಿಹಾಸ ಉದ್ದವಾಗಿರುವವರು ಪಟ್ಟಿಯಿಂದಲೇ ಹೊರಗುಳಿಯುತ್ತಾರೆ ಎಂಬುದು ವಿರೋಧಿಗಳ ಆತಂಕ. ಬೆಂಬಲಿಗರು ಹೇಳುವ ವ್ಯವಸ್ಥೆ ಕಾಗದದ ಮೇಲೆ ಇದೆ ನಿಜ. ಅದು ಕೆಲಸ ಮಾಡಬೇಕಾದರೆ ಕೇಳಿದ ತೀರ್ಪು ಸಕಾಲದಲ್ಲಿ ಕೈಗೆ ಸಿಗಬೇಕು, ಮತ್ತು ಆ ಷರತ್ತನ್ನು ಪೂರೈಸುವ ಹೊಣೆ ಮಸೂದೆ ಬರೆದವರ ಮೇಲಿಲ್ಲ, ಕೌಂಟಿ ಕಚೇರಿಯ ಮೇಲಿದೆ. ಹಾಗಾಗಿ ವಿರೋಧಿಗಳ ಆತಂಕವನ್ನು ಬರಿಯ ರಾಜಕೀಯವೆಂದು ತಳ್ಳಿಹಾಕಲಾಗದು.

ಹೊಸ ನಿಯಮಗಳಿಗೂ ಮೊದಲಿಂದಲೂ ಈ ತೀರ್ಪಿಗೆ ಬೇಡಿಕೆ ಇದ್ದೇ ಇದೆ. ಮದುವೆ ಕನಿಷ್ಠ 10 ವರ್ಷ ಬಾಳಿದ್ದರೆ, ವಿಚ್ಛೇದಿತರು 62 ವರ್ಷದ ನಂತರ ಕೆಲವು ಷರತ್ತುಗಳಿಗೆ ಒಳಪಟ್ಟು ಮಾಜಿ ಸಂಗಾತಿಯ ದುಡಿಮೆಯ ಆಧಾರದ ಮೇಲೆ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ನಿವೃತ್ತಿ ಭತ್ಯೆ ಕೇಳಬಹುದು. ಅದಕ್ಕೆ ಮದುವೆಯ ದಿನಾಂಕದ ಜೊತೆಗೆ ವಿಚ್ಛೇದನದ ದಿನಾಂಕವೂ ರುಜುವಾತಾಗಬೇಕು. ಸಂಗಾತಿಯ ಪರವಾಗಿ ವಲಸೆ ಅರ್ಜಿ ಹಾಕುವವರು ಇಬ್ಬರ ಹಿಂದಿನ ಮದುವೆಗಳೆಲ್ಲ ಕಾನೂನುಬದ್ಧವಾಗಿ ಕೊನೆಗೊಂಡಿವೆ ಎಂಬ ಪುರಾವೆ ಸಲ್ಲಿಸಬೇಕು.

ದೇಶಕ್ಕೊಂದು ಕಡತವಿಲ್ಲ

ಅಮೆರಿಕದಲ್ಲಿ ಮದುವೆ ಮತ್ತು ವಿಚ್ಛೇದನ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯಗಳು. ಕೇಂದ್ರ ಸರ್ಕಾರದ ಬಳಿ ವಿಚ್ಛೇದನಗಳ ಕಡತವಿಲ್ಲ. ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರವು ರಾಜ್ಯಗಳಿಂದ ಸಂಖ್ಯೆಗಳನ್ನಷ್ಟೇ ಒಟ್ಟುಮಾಡುತ್ತದೆ. ವಿವರವಾದ ಮಾಹಿತಿ ಸಂಗ್ರಹವನ್ನು ಅದು 1996ರಲ್ಲೇ ನಿಲ್ಲಿಸಿತು. ಸಂಖ್ಯೆಯೂ ಪೂರ್ತಿಯಲ್ಲ: 2022ಕ್ಕೆ ಅದು ಪ್ರಕಟಿಸಿದ 6,73,989 ವಿಚ್ಛೇದನಗಳ ಲೆಕ್ಕ 45 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶಕ್ಕೆ ಸೀಮಿತ. ಅತಿ ಹೆಚ್ಚು ಜನಸಂಖ್ಯೆಯ ಕ್ಯಾಲಿಫೋರ್ನಿಯವೇ ಅದರಲ್ಲಿಲ್ಲ.

ರಾಜ್ಯಮಟ್ಟಕ್ಕೆ ಇಳಿದರೂ ಏಕರೂಪತೆ ಇಲ್ಲ. ಕ್ಯಾಲಿಫೋರ್ನಿಯದ ಆರೋಗ್ಯ ಇಲಾಖೆಯಲ್ಲಿ 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳ ಮಾಹಿತಿ ಮಾತ್ರ ಇದೆ. ನ್ಯೂಯಾರ್ಕ್ ರಾಜ್ಯದ ಪ್ರಮಾಣಪತ್ರಗಳು 1963ರಿಂದ ಆರಂಭವಾಗುತ್ತವೆ. ಟೆಕ್ಸಸ್‌ನ ಸೂಚಿ 1968ರಿಂದ. ಪೆನ್ಸಿಲ್ವೇನಿಯದಲ್ಲಿ ರಾಜ್ಯದ ಆರೋಗ್ಯ ಇಲಾಖೆಯನ್ನು ಕೇಳಿ ಪ್ರಯೋಜನವಿಲ್ಲ. ಕೌಂಟಿಯ ‘ಪ್ರೊಥೊನೊಟರಿ’ ಎಂಬ ಅಧಿಕಾರಿಯ ಕಚೇರಿಗೇ ಹೋಗಬೇಕು. ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಜನನ, ಮರಣ ಪ್ರಮಾಣಪತ್ರ ಕೊಡುವ ಇಲಾಖೆಯೇ ಇದನ್ನೂ ಕೊಡಬಹುದೆಂದು ಭಾವಿಸಿ, ಶುಲ್ಕ ಕಟ್ಟಿ, ವಾರಗಟ್ಟಲೆ ಕಾದು, ಕೊನೆಗೆ ಕೈಗೆ ಬಂದ ಕಾಗದ ಕೆಲಸಕ್ಕೆ ಬಾರದ್ದೆಂದು ತಿಳಿದುಕೊಳ್ಳುತ್ತಾರೆ.

ಮೂರು ಬಗೆಯ ಕಾಗದ

ವಿಚ್ಛೇದನದ ದಾಖಲೆ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ. ಮೊದಲನೆಯದು ಪರಿಶೀಲನಾ ಪತ್ರ: ಇಂಥ ಇಬ್ಬರ ವಿಚ್ಛೇದನ ಇಂಥ ದಿನ ಇಂಥ ಕೌಂಟಿಯಲ್ಲಿ ಆದದ್ದು ನಮ್ಮ ಸೂಚಿಯಲ್ಲಿ ಕಾಣುತ್ತದೆ ಎಂದಷ್ಟೇ ರಾಜ್ಯ ಹೇಳುವ ಪತ್ರ. ಎರಡನೆಯದು ಪ್ರಮಾಣಪತ್ರ, ಹೆಸರು ದಿನಾಂಕಗಳ ಒಂದು ಪುಟದ ಸಾರಾಂಶ. ಇದನ್ನು ಕೆಲವು ರಾಜ್ಯಗಳು ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಮೂರನೆಯದು ನ್ಯಾಯಾಧೀಶರ ಸಹಿಯಿರುವ ತೀರ್ಪು, ಅಂದರೆ ಡಿಕ್ರಿ. ಆಸ್ತಿ ಹೇಗೆ ಹಂಚಿಕೆಯಾಯಿತು, ಮಕ್ಕಳು ಯಾರ ಸುಪರ್ದಿಗೆ, ಹೆಸರು ಮರಳಿ ಏನಾಯಿತು ಎಂಬುದೆಲ್ಲ ಇರುವುದು ಇದರಲ್ಲಿ ಮಾತ್ರ.

ನಮ್ಮ ಕಡೆಯ ಜಮೀನಿನ ವ್ಯವಹಾರ ಗೊತ್ತಿರುವವರಿಗೆ ಇದು ಬೇಗ ಅರ್ಥವಾದೀತು: ಪರಿಶೀಲನಾ ಪತ್ರ ಋಣಭಾರ ಪ್ರಮಾಣಪತ್ರದಂತೆ (ಇಸಿ), ಡಿಕ್ರಿ ಕ್ರಯಪತ್ರದಂತೆ. ಇಸಿ ನೋಡಿ ವ್ಯವಹಾರ ನಡೆದದ್ದನ್ನು ತಿಳಿಯಬಹುದು, ಆದರೆ ಹಕ್ಕು ಹುಟ್ಟುವುದು ಕ್ರಯಪತ್ರದಿಂದ.

ಟೆಕ್ಸಸ್‌ನಲ್ಲಿ ಈ ವ್ಯತ್ಯಾಸ ತೀರ ಸ್ಪಷ್ಟವಾಗಿದೆ. ಅಲ್ಲಿನ ಆರೋಗ್ಯ ಇಲಾಖೆ 20 ಡಾಲರ್ ಶುಲ್ಕಕ್ಕೆ ಪರಿಶೀಲನಾ ಪತ್ರ ಕೊಡುತ್ತದೆ. ಅದು ಡಿಕ್ರಿಗೆ ಕಾನೂನುಬದ್ಧ ಬದಲಿಯಲ್ಲವೆಂದು ಇಲಾಖೆಯೇ ತಿಳಿಸುತ್ತದೆ. ಡಿಕ್ರಿಯ ದೃಢೀಕೃತ ಪ್ರತಿ ಬೇಕೆಂದರೆ ಮೊಕದ್ದಮೆ ನಡೆದ ಕೌಂಟಿಯಲ್ಲಿ ಜಿಲ್ಲಾ ನ್ಯಾಯಾಲಯದ ಕಡತಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿಯೇ ಕೇಳಬೇಕು. ಇದಕ್ಕೆ ಕಾರಣವಿದೆ. ಪ್ರತಿ ವಿಚ್ಛೇದನದ ನಂತರ ಕ್ಲರ್ಕ್ ಒಂದು ವರದಿ ನಮೂನೆಯನ್ನು ರಾಜ್ಯಕ್ಕೆ ಕಳಿಸುತ್ತಾರೆ. ರಾಜ್ಯದ ಸೂಚಿ ಆ ವರದಿಗಳಿಂದ ತಯಾರಾದದ್ದು, ತೀರ್ಪು ರಾಜ್ಯಕ್ಕೆ ಹೋಗುವುದೇ ಇಲ್ಲ. ವರದಿ ಹೋಗದಿದ್ದರೆ ಅಥವಾ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಸೂಚಿಯಲ್ಲಿ ವಿಚ್ಛೇದನ ಕಾಣದು, ಆದರೆ ಕೌಂಟಿಯ ಕಪಾಟಿನಲ್ಲಿ ತೀರ್ಪು ಇದ್ದೇ ಇರುತ್ತದೆ. ಸೂಚಿಯಲ್ಲಿ ಸಿಗಲಿಲ್ಲ ಎಂಬುದನ್ನು ವಿಚ್ಛೇದನವೇ ಆಗಿಲ್ಲ ಎಂದು ಓದಿಕೊಂಡರೆ ಅದರಿಂದ ಹುಟ್ಟುವ ತೊಡಕು ಸಣ್ಣದಲ್ಲ. ಎರಡನೆಯ ಮದುವೆಯ ಸಿಂಧುತ್ವದ ಮೇಲೆಯೇ ಅನುಮಾನ ಬರುತ್ತದೆ.

ಯಾವ ಕೌಂಟಿ ಎಂಬ ಮೊದಲ ಪ್ರಶ್ನೆ

ಮದುವೆಯಾದ ಊರಲ್ಲಿ ವಿಚ್ಛೇದನದ ದಾಖಲೆ ಇರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ ಮತ್ತು ತಪ್ಪಾಗಿದೆ. ದಾಖಲೆ ಇರುವುದು ಅರ್ಜಿ ದಾಖಲಾದ ಜಾಗದಲ್ಲಿ. ಟೆಕ್ಸಸ್ ಕಾನೂನಿನ ಪ್ರಕಾರ ದಂಪತಿಗಳಲ್ಲಿ ಒಬ್ಬರು ರಾಜ್ಯದಲ್ಲಿ ಆರು ತಿಂಗಳು ನೆಲೆಸಿರಬೇಕು, ಅರ್ಜಿ ಹಾಕುವ ಕೌಂಟಿಯಲ್ಲಿ 90 ದಿನ ವಾಸವಿರಬೇಕು. ಅರ್ಜಿ ಹಾಕಿದ ಮೇಲೆ ತೀರ್ಪಿಗೆ ಸಾಮಾನ್ಯವಾಗಿ ಕನಿಷ್ಠ 60 ದಿನ ಕಾಯಬೇಕು. ಕೌಟುಂಬಿಕ ಹಿಂಸೆಯ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಹುಡುಕುವವರಿಗೆ ಈ ನಿಯಮಗಳಿಂದ ಸುಳಿವು ಸಿಗುತ್ತದೆ. ಬೇರೆಯಾದ ಸಮಯದಲ್ಲಿ ಇಬ್ಬರಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಮೊದಲು ಪತ್ತೆ ಮಾಡಬೇಕು. ನವೆಂಬರಿನಲ್ಲಿ ಹಾಕಿದ ಅರ್ಜಿಯ ತೀರ್ಪು ಮುಂದಿನ ವರ್ಷದ ಪುಸ್ತಕದಲ್ಲಿ ಇರುತ್ತದೆಂಬುದನ್ನೂ ನೆನಪಿಡಬೇಕು.

ಹಳೆಯ ತಲೆಮಾರಿನ ದಾಖಲೆಗಳಲ್ಲಿ ಇನ್ನೊಂದು ತಿರುವಿದೆ. ನೆವಾಡ ರಾಜ್ಯವು 1931ರಲ್ಲಿ ವಾಸದ ಅವಧಿಯನ್ನು ಆರು ವಾರಕ್ಕೆ ಇಳಿಸಿದಾಗ, ಕಠಿಣ ಕಾನೂನಿದ್ದ ರಾಜ್ಯಗಳ ಜನ ಅಲ್ಲಿಗೆ ಹೋಗಿ ತಂಗಿ ವಿಚ್ಛೇದನ ಪಡೆದು ಊರಿಗೆ ಮರಳುತ್ತಿದ್ದರು. ಅವರ ತೀರ್ಪು ಊರಿನಲ್ಲಿಲ್ಲ, ನೆವಾಡದಲ್ಲಿದೆ.

ಲವಿಂಗ್ ಕೌಂಟಿ ಹೇಳುವ ಸಂಗತಿ

ಪಶ್ಚಿಮ ಟೆಕ್ಸಸ್‌ನ ಲವಿಂಗ್ ಕೌಂಟಿಯ ಜನಸಂಖ್ಯೆ 2020ರ ಜನಗಣತಿಯಲ್ಲಿ 64. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯದು 47 ಲಕ್ಷಕ್ಕೂ ಹೆಚ್ಚು. ವಿಚ್ಛೇದನದ ತೀರ್ಪನ್ನು ಕಾಯ್ದಿಟ್ಟು, ಕೇಳಿದವರಿಗೆ ಮೊಹರು ಹಾಕಿ ಪ್ರತಿ ಕೊಡುವ ಕಾನೂನಿನ ಹೊಣೆ ಎರಡಕ್ಕೂ ಸಮಾನ. ಟೆಕ್ಸಸ್ ಸಂವಿಧಾನ 8,000ಕ್ಕಿಂತ ಕಡಿಮೆ ಜನರಿರುವ ಕೌಂಟಿಯಲ್ಲಿ ಕೌಂಟಿ ಕ್ಲರ್ಕ್ ಮತ್ತು ಡಿಸ್ಟ್ರಿಕ್ಟ್ ಕ್ಲರ್ಕ್ ಹುದ್ದೆಗಳನ್ನು ಒಬ್ಬರೇ ನಿರ್ವಹಿಸಲು ಅವಕಾಶ ಕೊಟ್ಟಿದೆ. ಹಾಗಾಗಿ ಸಣ್ಣ ಕೌಂಟಿಯಲ್ಲಿ ಮದುವೆಯ ಪರವಾನಗಿ ಕೊಡುವವರು, ಜಮೀನಿನ ಪತ್ರ ಮತ್ತು ತೈಲ ಗುತ್ತಿಗೆಗಳನ್ನು ನೋಂದಾಯಿಸುವವರು, ಚುನಾವಣೆ ನಡೆಸುವವರು, ಜಿಲ್ಲಾ ನ್ಯಾಯಾಲಯದ ಕಡತ ನೋಡಿಕೊಳ್ಳುವವರು ಎಲ್ಲ ಒಂದೇ ಕಚೇರಿಯವರು. ಚುನಾವಣೆಯ ವಾರದಲ್ಲಿ ಹಳೆಯ ತೀರ್ಪಿನ ಪ್ರತಿ ಕೇಳಿದ ಪತ್ರ ಮೇಜಿನ ಮೇಲೆ ಉಳಿದರೆ ಅದಕ್ಕೆ ಉದಾಸೀನ ಕಾರಣವಾಗಬೇಕಿಲ್ಲ. ಅದನ್ನು ಕೈಗೆತ್ತಿಕೊಳ್ಳಲು ಬೇರೆ ಜನವೇ ಇರುವುದಿಲ್ಲ.

ನ್ಯಾಯಾಧೀಶರ ವಿಷಯದಲ್ಲೂ ಹೀಗೆಯೇ. ಲವಿಂಗ್, ರೀವ್ಸ್ ಮತ್ತು ವಾರ್ಡ್ ಎಂಬ ಮೂರು ಕೌಂಟಿಗಳಿಗೆ ಸೇರಿ ಒಂದೇ ಜಿಲ್ಲಾ ನ್ಯಾಯಾಲಯ, 143ನೆಯದು. ತೀರ್ಪಿನ ಮೇಲೆ ಆ ನ್ಯಾಯಾಲಯದ ಸಂಖ್ಯೆ ನೋಡಿ ಪಕ್ಕದ ಕೌಂಟಿಯ ಕಚೇರಿಗೆ ಬರೆಯುವುದು ಸುಲಭವಾಗಿ ಆಗುವ ತಪ್ಪು. ನ್ಯಾಯಾಧೀಶರು ಒಬ್ಬರೇ ಆದರೂ ಕಡತ ಆಯಾ ಕೌಂಟಿಯ ಕ್ಲರ್ಕ್ ಬಳಿ ಬೇರೆ ಬೇರೆಯಾಗಿಯೇ ಇರುತ್ತದೆ.

ಇದಕ್ಕಿಂತ ಹೆಚ್ಚು ಗೊಂದಲ ತರುವುದು ಗಡಿಗಳ ಇತಿಹಾಸ. ಲವಿಂಗ್ ಕೌಂಟಿ 1893ರಲ್ಲಿ ಆಡಳಿತ ಘಟಕವಾಗಿ ರೂಪುಗೊಂಡು, 1897ರಲ್ಲಿ ರದ್ದಾಗಿ, ರೀವ್ಸ್ ಕೌಂಟಿಗೆ ಸೇರಿಕೊಂಡು, 1931ರಲ್ಲಿ ಮತ್ತೆ ಸ್ವತಂತ್ರವಾಯಿತು. ನಡುವಿನ ಮೂರು ದಶಕಗಳಲ್ಲಿ ಅಲ್ಲಿ ವಾಸವಿದ್ದವರ ವಿಚ್ಛೇದನವನ್ನು ಇಂದಿನ ಕೇಂದ್ರವಾದ ಮೆಂಟೋನ್‌ನಲ್ಲಿ ಹುಡುಕಿದರೆ ಸಿಗುವ ಸಂಭವವಿಲ್ಲ, ರೀವ್ಸ್ ಕೌಂಟಿಯ ಕೇಂದ್ರವಾದ ಪೆಕೋಸ್‌ನಲ್ಲಿ ಹುಡುಕಬೇಕು. ವಂಶವೃಕ್ಷ ಬರೆಯುವವರು ಯಾವುದೇ ಗ್ರಾಮೀಣ ಕೌಂಟಿಗೆ ಪತ್ರ ಬರೆಯುವ ಮುನ್ನ ಅದು ಹುಟ್ಟಿದ ವರ್ಷವನ್ನು ನೋಡಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಕೇಳುವ ಪತ್ರದಲ್ಲಿ ಏನಿರಬೇಕು

ಆನ್‌ಲೈನ್‌ನಲ್ಲಿ ಸಿಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಟೆಕ್ಸಸ್‌ನಲ್ಲಿ ವಕೀಲರು ಸಿವಿಲ್ ಕಡತಗಳನ್ನು ವಿದ್ಯುನ್ಮಾನ ರೂಪದಲ್ಲೇ ಸಲ್ಲಿಸಬೇಕೆಂಬ ನಿಯಮ 2014ರ ಜನವರಿಯಲ್ಲಿ ದೊಡ್ಡ ಕೌಂಟಿಗಳಿಂದ ಆರಂಭವಾಗಿ, 20,000ಕ್ಕಿಂತ ಕಡಿಮೆ ಜನರಿರುವ ಕೌಂಟಿಗಳನ್ನು ತಲುಪಿದ್ದು 2016ರ ಜುಲೈನಲ್ಲಿ. ಅಂದರೆ ಸಣ್ಣ ಕೌಂಟಿಯಲ್ಲಿ ಅದಕ್ಕೂ ಹಿಂದಿನ ವಿಚ್ಛೇದನ ಹೆಚ್ಚಾಗಿ ಕಾಗದದಲ್ಲೋ ಮೈಕ್ರೋಫಿಲ್ಮ್‌ನಲ್ಲೋ ಇರುತ್ತದೆ, ಮತ್ತು ಗುರುತಿನ ಚೀಟಿಗಾಗಿ ಪರದಾಡುವವರಿಗೆ ಬೇಕಾಗಿರುವುದು ಬಹುಮಟ್ಟಿಗೆ ಅಂಥ ಹಳೆಯ ತೀರ್ಪುಗಳೇ.

ಅವುಗಳನ್ನು ಹುಡುಕುವುದು ಮೊಕದ್ದಮೆಯ ಸಂಖ್ಯೆಯಿಂದ. ಸಂಖ್ಯೆ ತಿಳಿಯದಿದ್ದರೆ ಕ್ಲರ್ಕ್ ಹೆಸರುಗಳ ಸೂಚಿ ಪುಸ್ತಕ ತೆಗೆದು, ಅರ್ಜಿದಾರರ ಹೆಸರಿನಿಂದಲೋ ಎದುರುದಾರರ ಹೆಸರಿನಿಂದಲೋ ಸಾಲು ಸಾಲಾಗಿ ನೋಡಿ, ಅಲ್ಲಿಂದ ನ್ಯಾಯಾಲಯದ ನಡವಳಿ ಪುಸ್ತಕದ ಸಂಪುಟ ಮತ್ತು ಪುಟಕ್ಕೆ ಹೋಗಬೇಕು. ಅದಕ್ಕಾಗಿಯೇ ಕೋರಿಕೆ ಪತ್ರದಲ್ಲಿ ಇಬ್ಬರ ಪೂರ್ಣ ಹೆಸರು, ಹೆಂಡತಿಯ ವಿವಾಹಿತ ಹೆಸರಿನ ಜೊತೆಗೆ ತವರಿನ ಹೆಸರು, ಯಾರು ಅರ್ಜಿ ಹಾಕಿದ್ದರೆಂಬ ಊಹೆ, ವರ್ಷ ಖಚಿತವಿಲ್ಲದಿದ್ದರೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂಬ ಮಿತಿ ಇರಬೇಕು. ದೃಢೀಕೃತ ಪ್ರತಿ ಬೇಕೋ ಸಾದಾ ಪ್ರತಿ ಸಾಕೋ ಎಂಬುದನ್ನೂ ಹೇಳಬೇಕು, ಏಕೆಂದರೆ ಸಾದಾ ಪ್ರತಿಗೆ ಮೊಹರಿರುವುದಿಲ್ಲ, ಮತ್ತು ಮೊಹರಿಲ್ಲದ್ದನ್ನು ಅನೇಕ ಸರ್ಕಾರಿ ಕಚೇರಿಗಳು ಒಪ್ಪುವುದಿಲ್ಲ. ಶುಲ್ಕ ಪುಟದ ಲೆಕ್ಕದಲ್ಲಿರುವುದರಿಂದ, ಹಣ ಕಳಿಸುವ ಮೊದಲು ಫೋನ್ ಮಾಡಿ ತೀರ್ಪು ಎಷ್ಟು ಪುಟ, ಯಾವ ರೀತಿಯ ಪಾವತಿ ಸ್ವೀಕರಿಸುತ್ತಾರೆ ಎಂದು ಕೇಳಿಕೊಂಡರೆ ಪತ್ರ ಹಿಂದಿರುಗುವುದು ತಪ್ಪುತ್ತದೆ.

ಹೆಸರು ಬದಲಾವಣೆಗಾಗಿಯೇ ಬೇಕಾದವರು ಮೊದಲ ಪುಟ, ಹೆಸರು ಮರಳಿಸಿದ ಆದೇಶವಿರುವ ಪುಟ, ನ್ಯಾಯಾಧೀಶರ ಸಹಿಯ ಪುಟ, ಕ್ಲರ್ಕ್‌ನ ದೃಢೀಕರಣ ನಾಲ್ಕೂ ಇವೆಯೇ ಎಂದು ನೋಡಿಕೊಳ್ಳಬೇಕು. ಟೆಕ್ಸಸ್‌ನಲ್ಲಿ ವಿಚ್ಛೇದನದಲ್ಲಿ ಹೆಸರು ಬದಲಾದವರಿಗೆ ಇನ್ನೊಂದು ದಾರಿಯೂ ಇದೆ: ಅದೇ ನ್ಯಾಯಾಲಯದಿಂದ ಪ್ರತ್ಯೇಕವಾದ, ಚಿಕ್ಕದಾದ ಹೆಸರು ಬದಲಾವಣೆ ಪ್ರಮಾಣಪತ್ರ ಪಡೆಯಬಹುದು. ಆಸ್ತಿಯ, ಮಕ್ಕಳ, ಸಾಲದ ವಿವರಗಳೆಲ್ಲ ಇರುವ ತೀರ್ಪನ್ನು ಚಾಲನಾ ಪರವಾನಗಿ ಕಚೇರಿಯ ಕೌಂಟರಿನಲ್ಲಿ ಬಿಡಿಸಿಡುವ ಪ್ರಸಂಗ ಇದರಿಂದ ತಪ್ಪುತ್ತದೆ. ಕೇಳಿದವರಿಗೆ ಮಾತ್ರ ಕೊಡುವ ಬದಲು, ತೀರ್ಪಿನ ಜೊತೆಗೇ ಇದನ್ನು ಎಲ್ಲರಿಗೂ ಕೊಡುವ ಪದ್ಧತಿ ಎಲ್ಲ ರಾಜ್ಯಗಳಲ್ಲೂ ಬಂದರೆ ಈಗಿನ ತೊಂದರೆಯ ದೊಡ್ಡ ಪಾಲು ಮುಂದಿನ ಪೀಳಿಗೆಗೆ ಇರಲಾರದು.

ತೆರೆದಿಡಬೇಕೇ, ಮುಚ್ಚಿಡಬೇಕೇ

ಟೆಕ್ಸಸ್‌ನಲ್ಲಿ ವಿಚ್ಛೇದನದ ಕಡತ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಮೂರನೆಯವರೂ ಪ್ರತಿ ಕೇಳಬಹುದು. ನ್ಯೂಯಾರ್ಕ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ 100 ವರ್ಷದವರೆಗೆ ಕಕ್ಷಿದಾರರು ಮತ್ತು ಅವರ ವಕೀಲರನ್ನು ಬಿಟ್ಟು ಬೇರೆಯವರು ಕಡತ ನೋಡಬೇಕಾದರೆ ನ್ಯಾಯಾಲಯದ ಆದೇಶ ಬೇಕು.

ತೆರೆದಿಡಬೇಕು ಎನ್ನುವವರ ವಾದಕ್ಕೆ ಗಟ್ಟಿಯಾದ ಬುನಾದಿಯಿದೆ. ನ್ಯಾಯಾಲಯ ಸಾರ್ವಜನಿಕ ಸಂಸ್ಥೆ. ಅದರ ತೀರ್ಪು ಮುಚ್ಚಿದ ಕೋಣೆಯಲ್ಲಿ ಉಳಿದರೆ ಪಕ್ಷಪಾತ ಬೆಳಕಿಗೆ ಬಾರದು, ಆಸ್ತಿ ಕೊಳ್ಳುವವರಿಗೆ ಹಕ್ಕಿನ ಖಾತರಿ ಸಿಗದು. ನ್ಯಾಯಾಲಯದ ದಾಖಲೆಗಳನ್ನು ನೋಡುವ ಹಕ್ಕು ಸಾರ್ವಜನಿಕರಿಗಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿತು. ಆದರೆ ಅದೇ ತೀರ್ಪು ಆ ಹಕ್ಕಿಗೆ ಮಿತಿಯುಂಟು ಎಂದೂ ಹೇಳಿ, ವಿಚ್ಛೇದನ ಪ್ರಕರಣದ ನೋವಿನ ವಿವರಗಳನ್ನು ದ್ವೇಷ ತೀರಿಸಿಕೊಳ್ಳಲು ಬಳಸದಂತೆ ನ್ಯಾಯಾಲಯಗಳು ತಡೆಯಬಹುದೆಂಬುದನ್ನು ಉದಾಹರಣೆಯಾಗಿ ಕೊಟ್ಟಿತು.

ಗ್ರಾಮೀಣ ಕೌಂಟಿಯಲ್ಲಿ ಈ ಮಿತಿ ಹೆಚ್ಚು ಮುಖ್ಯವಾಗುತ್ತದೆ. ಹ್ಯೂಸ್ಟನ್‌ನ ಸಾವಿರಾರು ಕಡತಗಳ ನಡುವೆ ಒಂದು ಹೆಸರು ಕಳೆದುಹೋಗುತ್ತದೆ. ಎಲ್ಲರಿಗೂ ಎಲ್ಲರೂ ಪರಿಚಯವಿರುವ ಕಡೆ, ಪ್ರತಿ ಕೊಡುವ ಗುಮಾಸ್ತರೇ ನೆರೆಯವರಾಗಿರಬಹುದಾದ ಕಡೆ, ಹಾಗಲ್ಲ. ಗಂಡನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹೆಂಗಸಿನ ವಿಳಾಸ ಕಡತದಲ್ಲಿದ್ದರೆ ಅದು ಜೀವದ ಪ್ರಶ್ನೆ. ತೀರ್ಪು ಹೊರಬಿದ್ದಿತೆಂಬ ಸಂಗತಿ ಸಾರ್ವಜನಿಕವಾಗಿರಲಿ, ವಿಳಾಸ, ಮಕ್ಕಳ ಹೆಸರು, ಆರೋಪಗಳ ವಿವರ ಕಕ್ಷಿದಾರರಿಗೆ ಮಾತ್ರ ಸಿಗಲಿ ಎಂಬ ನಡುವಿನ ದಾರಿಯೇ ನ್ಯಾಯವಾದದ್ದು. ಆ ದಾರಿಯಲ್ಲಿ ನಡೆಯಬೇಕಾದರೆ ಪ್ರತಿ ಪುಟವನ್ನೂ ಓದಿ ಮರೆಮಾಡಬೇಕಾದದ್ದನ್ನು ಮರೆಮಾಡುವ ಸಿಬ್ಬಂದಿ ಬೇಕು, ಮತ್ತು ಸಣ್ಣ ಕಚೇರಿಗಳಲ್ಲಿ ಕೊರತೆ ಇರುವುದು ಅದರದೇ.

ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲಿ ಇಂಥದ್ದೇ ಒಂದು ಪ್ರಶ್ನೆಯನ್ನು ಬಗೆಹರಿಸಿದ ರೀತಿ ಇಲ್ಲಿ ನೆನೆಯತಕ್ಕದ್ದು. ವಿವಾಹ ವಿವಾದವೊಂದಕ್ಕೆ ಸಂಬಂಧಿಸಿದ ಆದೇಶದಲ್ಲಿದ್ದ ಮಹಿಳೆಯ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣದಂತೆ ಕ್ರಮ ಕೈಗೊಳ್ಳಲು ಅದು ಸೂಚಿಸಿತು, ಆದರೆ ದೃಢೀಕೃತ ಪ್ರತಿಯಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತು. ಅಗತ್ಯವಿದ್ದವರು ಅರ್ಜಿ ಹಾಕಿ ಪಡೆಯುವುದು ಬೇರೆ, ಯಾರೋ ಕುತೂಹಲಕ್ಕೆ ಹೆಸರು ಒತ್ತಿ ನೋಡುವುದು ಬೇರೆ. ಈ ಗೆರೆಯನ್ನು ಅಮೆರಿಕದ ಹಲವು ರಾಜ್ಯಗಳು ಇನ್ನೂ ಎಳೆದುಕೊಂಡಿಲ್ಲ. ಆ ಖಾಲಿ ಜಾಗದಲ್ಲಿ, ಯಾರದೇ ವಿಚ್ಛೇದನ ಹುಡುಕಿಕೊಡುತ್ತೇವೆಂದು ತಿಂಗಳ ಚಂದಾ ಕೇಳುವ ಖಾಸಗಿ ಜಾಲತಾಣಗಳು ಬೆಳೆದಿವೆ. ಅವು ಕೊಡುವುದು ಸೂಚಿಯಿಂದ ಎತ್ತಿದ ಹೆಸರು ದಿನಾಂಕಗಳನ್ನು. ಮೊಹರು ಹಾಕಿದ ಪ್ರತಿ ಕೊಡುವ ಅಧಿಕಾರ ಅವಕ್ಕಿಲ್ಲ.

ಕನ್ನಡಿಗರಿಗೆ ಇದು ತಾಗುವುದು ಎಲ್ಲಿ

ಅಮೆರಿಕದ ಕನ್ನಡಿಗರು ದೊಡ್ಡ ನಗರಗಳಲ್ಲೇ ಹೆಚ್ಚು ಎಂಬುದು ನಿಜ. ಆದರೆ ಜೆ-1 ವೀಸಾದಲ್ಲಿ ತರಬೇತಿಗೆ ಹೋದ ವೈದ್ಯರು ಅಲ್ಲಿಯೇ ಮುಂದುವರಿಯಲು ‘ಕಾನ್ರಾಡ್ 30’ ವಿನಾಯಿತಿಯಡಿ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡುತ್ತಾರೆ, ಮತ್ತು ಅಂಥ ಪ್ರದೇಶಗಳಲ್ಲಿ ಅನೇಕವು ಗ್ರಾಮೀಣ ಕೌಂಟಿಗಳು. ಆ ಅವಧಿಯಲ್ಲಿ ದಾಂಪತ್ಯ ಮುರಿದರೆ ವಾಸದ ನಿಯಮದಿಂದಾಗಿ ಅರ್ಜಿ ದಾಖಲಾಗುವುದು ಆ ಕೌಂಟಿಯಲ್ಲೇ. ಮುಂದೆ ಊರು ಬಿಟ್ಟು ಎಲ್ಲಿಗೇ ಹೋದರೂ ತೀರ್ಪು ಅಲ್ಲಿಯೇ ಉಳಿಯುತ್ತದೆ.

ಭಾರತಕ್ಕೆ ಮರಳಿ ಮರುಮದುವೆಯಾಗುವಾಗ ಅದು ಬೇಕಾಗುತ್ತದೆ, ಏಕೆಂದರೆ ಹಿಂದೂ ವಿವಾಹ ಕಾಯ್ದೆಯೂ ವಿಶೇಷ ವಿವಾಹ ಕಾಯ್ದೆಯೂ ಜೀವಂತ ಸಂಗಾತಿ ಇರಬಾರದೆಂಬ ಷರತ್ತು ಹಾಕುತ್ತವೆ. ಅಲ್ಲಿಂದ ತಂದ ದೃಢೀಕೃತ ಪ್ರತಿಗೆ ಸಂಬಂಧಿಸಿದ ರಾಜ್ಯದ ‘ಅಪೋಸ್ಟಿಲ್’ ಮುದ್ರೆ ಹಾಕಿಸುವುದು ರೂಢಿ. ಈ ಮುದ್ರೆಯ ಹಿಂದಿರುವ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರಲ್ಲಿ. ಆದರೆ ಅಪೋಸ್ಟಿಲ್ ಹೇಳುವುದು ಸಹಿ ಮತ್ತು ಮೊಹರು ನಿಜವೆಂದು ಮಾತ್ರ. ಆ ತೀರ್ಪು ಭಾರತದಲ್ಲಿ ಸಿಂಧುವೇ ಎಂಬುದನ್ನು ತೀರ್ಮಾನಿಸುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮು.

ಈ ವಿಷಯದಲ್ಲಿ ಇಂದಿಗೂ ಆಧಾರವಾಗಿರುವ ಸುಪ್ರೀಂ ಕೋರ್ಟಿನ 1991ರ ತೀರ್ಪು ಹುಟ್ಟಿದ್ದೇ ಅಮೆರಿಕದ ಒಂದು ಕೌಂಟಿ ನ್ಯಾಯಾಲಯದ ವಿಚ್ಛೇದನದಿಂದ. ತಿರುಪತಿಯಲ್ಲಿ ಮದುವೆಯಾದ ದಂಪತಿಗಳಲ್ಲಿ ಗಂಡ ಮಿಸ್ಸೌರಿಯ ಸೇಂಟ್ ಲೂಯಿ ಕೌಂಟಿಯ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದಿದ್ದರು. ಆ ತೀರ್ಪನ್ನು ಭಾರತ ಒಪ್ಪಲಿಲ್ಲ. ದಂಪತಿಗಳು ಯಾವ ಕಾನೂನಿನಡಿ ಮದುವೆಯಾದರೋ ಆ ಕಾನೂನಿನ ಕಾರಣಗಳ ಮೇಲೆ, ಆ ಕಾನೂನು ಒಪ್ಪುವ ನ್ಯಾಯಾಲಯದಲ್ಲಿ ವಿಚ್ಛೇದನ ಆಗಿರಬೇಕು. ಇಲ್ಲವೇ ಎದುರು ಪಕ್ಷದವರು ಸ್ವಇಚ್ಛೆಯಿಂದ ಹಾಜರಾಗಿ ಪ್ರಕರಣವನ್ನು ಎದುರಿಸಿರಬೇಕು ಅಥವಾ ವಿಚ್ಛೇದನಕ್ಕೆ ಒಪ್ಪಿರಬೇಕು ಎಂಬುದು ಅದು ಹಾಕಿದ ಮುಖ್ಯ ಮಾನದಂಡ. ತೀರ್ಪಿನ ಬರೀ ನೆರಳಚ್ಚು ಪ್ರತಿಯನ್ನು ಸಾಕ್ಷ್ಯವೆಂದು ಒಪ್ಪಲಾಗದು ಎಂಬ ಮಾತೂ ಅದೇ ತೀರ್ಪಿನಲ್ಲಿದೆ.

ಇದರ ಪರಿಣಾಮವನ್ನು ಕೌಂಟಿಗೆ ಬರೆಯುವಾಗಲೇ ಗಮನಿಸಬೇಕು. ಅಮೆರಿಕದಲ್ಲಿ ಹೆಸರು ಬದಲಾಯಿಸಲು ತೀರ್ಪಿನ ಕೆಲವು ಪುಟ ಸಾಕು. ಭಾರತದಲ್ಲಿ ಅದನ್ನು ಸಮರ್ಥಿಸಿಕೊಳ್ಳಲು ಮೂಲ ಅರ್ಜಿ, ಸಮನ್ಸ್ ತಲುಪಿದ್ದಕ್ಕೆ ದಾಖಲೆ ಅಥವಾ ನೋಟರಿಯ ಎದುರು ಸಹಿ ಮಾಡಿದ ಸಮನ್ಸ್ ವಿನಾಯಿತಿ ಪತ್ರ, ಎದುರು ಪಕ್ಷದ ಉತ್ತರ, ಒಪ್ಪಂದಪತ್ರ ಇವೂ ಬೇಕಾಗಬಹುದು. ಎದುರು ಪಕ್ಷದವರು ಹಾಜರಿದ್ದರೇ, ಒಪ್ಪಿದ್ದರೇ ಎಂಬುದು ಗೊತ್ತಾಗುವುದು ಅವುಗಳಿಂದ. ತೀರ್ಪುಗಳನ್ನು ಕಚೇರಿಗಳು ಶಾಶ್ವತವಾಗಿ ಕಾಯ್ದಿಡುತ್ತವೆ. ಉಳಿದ ಕಾಗದಗಳಿಗೆ ಆ ಭರವಸೆ ಎಲ್ಲ ಕಡೆ ಇಲ್ಲ. ನಿಗದಿತ ಅವಧಿಯ ನಂತರ ಅವನ್ನು ವಿಲೇವಾರಿ ಮಾಡಲು ಕಾನೂನಿನಲ್ಲಿ ಅವಕಾಶವಿರುವ ರಾಜ್ಯಗಳಿವೆ. ಹಾಗಾಗಿ ಭಾರತದೊಡನೆ ನಂಟಿರುವವರು ವಿಚ್ಛೇದನ ಮುಗಿದ ಕೂಡಲೇ, ಕೌಂಟಿ ಬಿಡುವ ಮೊದಲೇ, ಇಡೀ ಕಡತದ ದೃಢೀಕೃತ ಪ್ರತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ವರ್ಷಗಳ ನಂತರ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಸಮುದ್ರದಾಚೆಯ ಸಣ್ಣ ಕಚೇರಿಗೆ ಪತ್ರ ಬರೆದು, ಡಾಲರಿನಲ್ಲಿ ಶುಲ್ಕ ಕಳಿಸುವ ದಾರಿ ಹುಡುಕುತ್ತ ಕೂರುವುದಕ್ಕಿಂತ ಅದು ಎಷ್ಟೋ ಸುಲಭ.

ಮುಂದಿನ ಪರಿಣಾಮ

ಗುರುತಿನ ನಿಯಮಗಳು ಬಿಗಿಯಾದಷ್ಟೂ ದೃಢೀಕೃತ ಪ್ರತಿಗಳ ಬೇಡಿಕೆ ಹೆಚ್ಚುತ್ತದೆ. ದೊಡ್ಡ ಕೌಂಟಿಗಳು ಸಿಬ್ಬಂದಿ ಸೇರಿಸಿಯೋ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿಯೋ ಇದನ್ನು ತಾಳಿಕೊಳ್ಳಬಲ್ಲವು. ಪುಟಕ್ಕಿಷ್ಟು ಎಂಬ ಶುಲ್ಕದಿಂದ ಬರುವ ಆದಾಯ ಸಣ್ಣ ಕೌಂಟಿಗೆ ಒಬ್ಬ ಗುಮಾಸ್ತರ ಸಂಬಳಕ್ಕೂ ಸಾಲದು. ಬೇಡಿಕೆ ಹುಟ್ಟಿಸಿದ್ದು ಕೇಂದ್ರದ ಕಾನೂನಾದರೂ ಅದನ್ನು ಪೂರೈಸುವ ಖರ್ಚು ಸ್ಥಳೀಯ ತೆರಿಗೆದಾರರದು. ಶುಲ್ಕ ಏರಿಸಿದರೆ ಆ ಭಾರ ಮತ್ತೆ ಬೀಳುವುದು ತೀರ್ಪು ಬೇಕಾದ ಹೆಂಗಸಿನ ಮೇಲೆಯೇ, ಅದೂ ಗಂಡಸರು ಬಹುಮಟ್ಟಿಗೆ ತೆರಬೇಕಾಗಿಲ್ಲದ ಖರ್ಚಿಗಾಗಿ.

ರಾಷ್ಟ್ರಮಟ್ಟದಲ್ಲಿ ಎಲ್ಲ ವಿಚ್ಛೇದನಗಳ ಒಂದೇ ಕಡತ ಮಾಡಬೇಕೆಂಬ ಸಲಹೆ ಮೊದಲ ನೋಟಕ್ಕೆ ಆಕರ್ಷಕವಾಗಿ ಕಂಡರೂ, ಖಾಸಗಿ ಬದುಕಿನ ಅಷ್ಟು ವಿವರಗಳನ್ನು ಒಂದೆಡೆ ಸೇರಿಸುವುದರಲ್ಲಿ ಅಪಾಯವಿದೆ. ಅದರ ಅಗತ್ಯವೂ ಇಲ್ಲ. ರಾಜ್ಯಗಳು ತಮ್ಮ ಸೂಚಿಯನ್ನು ಹಿಂದಿನ ವರ್ಷಗಳಿಗೆ ವಿಸ್ತರಿಸಿ, ಯಾವ ಕೌಂಟಿಗೆ ಹೋಗಬೇಕೆಂಬುದನ್ನು ಕಕ್ಷಿದಾರರಿಗೆ ಶುಲ್ಕವಿಲ್ಲದೆ ತಿಳಿಸಬಹುದು. ಗುರುತಿನ ಚೀಟಿಗಾಗಿ ಕೇಳುವ ಪ್ರತಿಗೆ ಶುಲ್ಕ ಬಿಟ್ಟು ಆ ಹಣವನ್ನು ಕೌಂಟಿಗೆ ತುಂಬಿಕೊಡಬಹುದು. ಚಾಲನಾ ಪರವಾನಗಿ ಇಲಾಖೆಯೇ ನೇರವಾಗಿ ಕ್ಲರ್ಕ್ ಕಚೇರಿಯಿಂದ ತೀರ್ಪನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಮಾಡಬಹುದು. ಮೂರಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ, ಹಣ ಬೇಕು. ರಿಯಲ್ ಐಡಿ ಕಾಯ್ದೆ ಜಾರಿಗೆ ಇಪ್ಪತ್ತು ವರ್ಷ ಹಿಡಿಯಿತು. ಕೇಳುವ ಕಾಗದವನ್ನು ಒದಗಿಸಬೇಕಾದ ಸಣ್ಣ ಕಚೇರಿಗಳನ್ನು ಸಜ್ಜುಗೊಳಿಸಲು ಆ ಇಪ್ಪತ್ತು ವರ್ಷಗಳನ್ನು ಬಳಸಿಕೊಳ್ಳಬಹುದಿತ್ತು. ಸೇವ್‌ನಂಥ ಮಸೂದೆ ಮುಂದೆ ಕಾನೂನಾಗುವುದಾದರೆ, ಕ್ಲರ್ಕ್ ಕಚೇರಿಗಳಿಗೆ ಅನುದಾನವನ್ನೂ ಸಿದ್ಧತೆಗೆ ಕಾಲಾವಕಾಶವನ್ನೂ ಆ ಕಾನೂನಿನಲ್ಲಿಯೇ ಬರೆಯಬೇಕು.